ಎಲೆಕ್ಟ್ರಾನ್ ವಿವರ್ತನಾ ನಳಿಕೆ: ಎರಡು ಉಂಗುರ, ಒಂದು ಆಯಸ್ಕಾಂತ

ದ್ರವ್ಯವೂ ಬೆಳಕೂ ಅಲೆಯಂತೆಯೂ ಕಣದಂತೆಯೂ ವರ್ತಿಸುವ ದ್ವಂದ್ವ ಸ್ವಭಾವವನ್ನು ತೋರಿಸಲೆಂದು ಕಾಲೇಜು ಪ್ರಯೋಗಾಲಯಗಳು ಕೊಳ್ಳುವ ಉಪಕರಣಗಳು ಮುಖ್ಯವಾಗಿ ಮೂರು: ಲೇಸರ್ ಮತ್ತು ಜೋಡಿ ಸೀಳಿನ ಕಿಟ್, ದ್ಯುತಿವಿದ್ಯುತ್ ಪರಿಣಾಮದ ಪೆಟ್ಟಿಗೆ, ಎಲೆಕ್ಟ್ರಾನ್ ವಿವರ್ತನಾ ನಳಿಕೆ. ಲೇಸರ್ ಕಿಟ್ಟಿನಲ್ಲಿ ಕಾಣುವುದು ಅಲೆ ಮಾತ್ರ, ದ್ಯುತಿವಿದ್ಯುತ್ ಪೆಟ್ಟಿಗೆಯಲ್ಲಿ ಕಣ ಮಾತ್ರ. ಒಂದೇ ಪರದೆಯ ಮೇಲೆ ಎರಡನ್ನೂ ಕೆಣಕಿ ನೋಡಲು ಆಗುವುದು ನಳಿಕೆಯಲ್ಲಿ. ಮೂರರಲ್ಲಿ ಬೇಗ ಹಾಳಾಗುವುದೂ ಅದೇ, ಹಾಗಾಗಿ ಕೊಳ್ಳುವ ಮುಂಚೆ ಅದರ ಒಳಗುಟ್ಟು ತಿಳಿದಿರಬೇಕು.

ಗಾಳಿ ತೆಗೆದ ಗಾಜಿನ ಬುರುಡೆ. ಅದರ ಕುತ್ತಿಗೆಯಲ್ಲಿ 6.3 ವೋಲ್ಟಿನ ಫಿಲಮೆಂಟ್, ಕ್ಯಾಥೋಡ್, ಆನೋಡ್. ಆನೋಡಿನ ಬಾಯಿಗೆ ಅಂಟಿಸಿದ ತೆಳು ಗ್ರಾಫೈಟ್ ಪೊರೆ. ಎದುರಿಗೆ ಹೊಳೆಯುವ ಪರದೆ. ಪೊರೆಯಿಂದ ಪರದೆಗೆ ಸಾಮಾನ್ಯವಾಗಿ 135 ಮಿ.ಮೀ. ಪೊರೆಯ ಹರಳುಗಳಲ್ಲಿನ ಪರಮಾಣು ಪದರಗಳನ್ನು ಹಾಯುವಾಗ ಎಲೆಕ್ಟ್ರಾನ್ ಅಲೆ ಕೆಲವು ನಿಗದಿತ ಕೋನಗಳಿಗೆ ಚದುರುತ್ತದೆ, ಇದೇ ವಿವರ್ತನೆ. ಪೊರೆಯಲ್ಲಿರುವ ಅಸಂಖ್ಯ ಪುಟ್ಟ ಹರಳುಗಳು ಎಲ್ಲ ದಿಕ್ಕಿಗೂ ತಿರುಗಿಕೊಂಡಿರುವುದರಿಂದ ಚುಕ್ಕೆಗಳ ಬದಲು ಪೂರ್ಣ ಉಂಗುರಗಳು ಮೂಡುತ್ತವೆ. ಒಳ ಉಂಗುರ 0.213 ನ್ಯಾನೋಮೀಟರ್ ಅಂತರದ ಪದರಗಳಿಂದ, ಹೊರ ಉಂಗುರ 0.123 ನ್ಯಾನೋಮೀಟರ್ ಅಂತರದ ಪದರಗಳಿಂದ.

ಲೆಕ್ಕ ಸರಳ. 1.226 ಅನ್ನು ಕ್ಯಾಥೋಡ್-ಆನೋಡ್ ನಡುವಿನ ವೋಲ್ಟೇಜಿನ ವರ್ಗಮೂಲದಿಂದ ಭಾಗಿಸಿದರೆ ಎಲೆಕ್ಟ್ರಾನಿನ ತರಂಗದೂರ ನ್ಯಾನೋಮೀಟರಿನಲ್ಲಿ ಸಿಗುತ್ತದೆ. 4,000 ವೋಲ್ಟಿಗೆ ಅದು 0.0194. ಆಗ ಒಳ ಉಂಗುರದ ವ್ಯಾಸ ಸುಮಾರು 24.6 ಮಿ.ಮೀ., ಹೊರಗಿನದು 42.6 ಮಿ.ಮೀ. ಇರಬೇಕು. 3,000ಕ್ಕೆ ಇಳಿಸಿದರೆ 28.4 ಮತ್ತು 49.1ಕ್ಕೆ ಹಿಗ್ಗುತ್ತವೆ. ವೋಲ್ಟೇಜ್ ಏರಿದಂತೆ ಉಂಗುರ ಕುಗ್ಗುವುದನ್ನು ಕಣ್ಣಾರೆ ನೋಡುವುದೇ ಈ ಉಪಕರಣದ ದೊಡ್ಡ ಬಲ: ವೇಗ ಹೆಚ್ಚಾದರೆ ತರಂಗದೂರ ಕಡಿಮೆ ಎಂದು 1924ರಲ್ಲಿ ಫ್ರೆಂಚ್ ಭೌತವಿಜ್ಞಾನಿ ಡಿ ಬ್ರಾಯ್ ಬರೆದದ್ದು ಗುಂಡಿ ತಿರುಗಿಸಿದಷ್ಟು ಹೊತ್ತಿನಲ್ಲಿ ಎದುರಿಗಿರುತ್ತದೆ. 1927ರಲ್ಲಿ ಜಿ.ಪಿ. ಥಾಮ್ಸನ್ ತೆಳು ಪೊರೆಗಳ ಮೂಲಕ ಎಲೆಕ್ಟ್ರಾನ್ ಹಾಯಿಸಿ ಇಂಥದೇ ಉಂಗುರಗಳನ್ನು ಕಂಡರು. ಎಲೆಕ್ಟ್ರಾನ್ ಕಣ ಎಂದು ತೋರಿಸಿಕೊಟ್ಟವರು ಅವರ ತಂದೆ ಜೆ.ಜೆ. ಥಾಮ್ಸನ್!

ಕಣದ ಮುಖ ನೋಡಲು ಬುರುಡೆಯ ಪಕ್ಕಕ್ಕೆ ಒಂದು ಆಯಸ್ಕಾಂತ ತಂದರೆ ಸಾಕು. ನಡುವಿನ ಚುಕ್ಕೆಯ ಜೊತೆಗೆ ಉಂಗುರಗಳೂ ಸರಿಯುತ್ತವೆ. ಪೊರೆಯಲ್ಲಿ ಹುಟ್ಟಿದ ಎಕ್ಸ್-ಕಿರಣವೋ ಫಿಲಮೆಂಟಿನ ಬೆಳಕೋ ಉಂಗುರ ಮಾಡಿದ್ದರೆ ಅವು ಕದಲುತ್ತಿರಲಿಲ್ಲ. ವಿವರ್ತನೆಗೊಂಡದ್ದೇ ವಿದ್ಯುದಂಶ ಹೊತ್ತು ಬಾಗುತ್ತಿದೆ. ಬಹಳಷ್ಟು ಕೈಪಿಡಿಗಳು ಇದನ್ನು ಒಂದು ಸಾಲಿನಲ್ಲಿ ಮುಗಿಸುತ್ತವೆ. ನಮ್ಮ ಮಟ್ಟಿಗೆ ಪ್ರಯೋಗದ ಅರ್ಧ ತೂಕ ಇಲ್ಲಿದೆ.

ನಡೆಸುವ ಕ್ರಮದಲ್ಲಿ ಅವಸರ ಸಲ್ಲದು. ಮೊದಲು ಫಿಲಮೆಂಟ್ ಹಚ್ಚಿ ಒಂದು ನಿಮಿಷ ಕಾಯಬೇಕು, ಆಮೇಲೆ ವೋಲ್ಟೇಜನ್ನು ನಿಧಾನ ಏರಿಸಬೇಕು. ಕೋಣೆ ಕತ್ತಲಿರಲಿ, 2,500 ವೋಲ್ಟಿನ ಕೆಳಗೆ ಉಂಗುರ ಮಸುಕು. 5,000 ದಾಟಬಾರದು, ಪೊರೆಯ ಜೊತೆಗೆ ಎಕ್ಸ್-ಕಿರಣದ ಚಿಂತೆಯೂ ಸೇರಿಕೊಳ್ಳುತ್ತದೆ. ಆನೋಡ್ ವಿದ್ಯುತ್ 0.2 ಮಿಲಿಆಂಪಿಯರಿನ ಒಳಗಿರಬೇಕು. ಪೊರೆ ಮಂದ ಕೆಂಪಗೆ ಕಾಣಿಸಿದರೆ ಆ ಕ್ಷಣವೇ ಆರಿಸಿ. ಸುಟ್ಟ ಪೊರೆಗೆ ರಿಪೇರಿ ಇಲ್ಲ: ಕಿರಣ ತೂತಿನಿಂದ ನೇರ ನುಗ್ಗಿ ನಡುವಿನ ಚುಕ್ಕೆ ಉರಿಯುತ್ತದೆ, ಉಂಗುರ ಕರಗುತ್ತದೆ. ತೂತು ಚಿಕ್ಕದಿದ್ದರೆ ಕುತ್ತಿಗೆಗೆ ಸಣ್ಣ ಆಯಸ್ಕಾಂತ ಹಿಡಿದು ಕಿರಣವನ್ನು ಪೊರೆಯ ಬೇರೆ ಭಾಗಕ್ಕೆ ತಿರುಗಿಸಿ ಇನ್ನಷ್ಟು ಕಾಲ ತಳ್ಳಬಹುದು. ಚುಕ್ಕೆಯನ್ನು ಒಂದೇ ಕಡೆ ಬಹಳ ಹೊತ್ತು ಬಿಟ್ಟರೆ ಪರದೆಗೂ ಕಲೆ ಬೀಳುತ್ತದೆ, ಆದ್ದರಿಂದ ಅಳತೆಯ ನಡುವೆ ಹರಟೆ ಬಂದರೆ ವೋಲ್ಟೇಜ್ ಇಳಿಸಿಡಿ.

ಅಳತೆ ಕೆಡುವುದು ಮೂರು ಕಡೆ. ಉಂಗುರಕ್ಕೆ ದಪ್ಪ ಇದೆ. ಒಳ ಅಂಚು, ಹೊರ ಅಂಚು ಎರಡನ್ನೂ ಪ್ಲಾಸ್ಟಿಕ್ ವರ್ನಿಯರ್‌ನಿಂದ ಅಳೆದು ಸರಾಸರಿ ತೆಗೆಯದಿದ್ದರೆ ಒಳ ಉಂಗುರದಲ್ಲಿ 1 ಮಿ.ಮೀ. ತಪ್ಪು ಎಂದರೆ ಶೇ. 4. ಎರಡನೆಯದು ಗಾಜಿನ ಉಬ್ಬು. ಬುರುಡೆ ಗೋಳಾಕಾರವಿದ್ದು ಪೊರೆ ಅದರ ಹಿಂಬದಿಗೆ ಹತ್ತಿರವಿದ್ದರೆ, 4,000 ವೋಲ್ಟಿನಲ್ಲಿ ಹೊರ ಉಂಗುರ ಲೆಕ್ಕಕ್ಕಿಂತ ಸುಮಾರು ಶೇ. 1.6 ಚಿಕ್ಕದಾಗಿ ಕಾಣುತ್ತದೆ, ಒಳಗಿನದು ಶೇ. 0.6 ಮಾತ್ರ. ಎರಡು ವ್ಯಾಸಗಳ ಅನುಪಾತ 1.73 ಬರಬೇಕು, ಅದು ವೋಲ್ಟೇಜನ್ನು ಅವಲಂಬಿಸಿಲ್ಲ, 1.70ರ ಸುತ್ತ ಬಂದರೆ ಗಾಬರಿ ಬೇಡ, ಅದು ಗಾಜಿನ ಕರಾಮತ್ತು. 1.5 ಬಂದರೆ ಅಳೆದವರ ಕೈ ತಪ್ಪಿದೆ.

ಮೂರನೆಯದು ಮೀಟರು. ತರಂಗದೂರಕ್ಕೆ ಬೇಕಾದದ್ದು ವೋಲ್ಟೇಜಿನ ವರ್ಗಮೂಲ, ಹಾಗಾಗಿ ಮೀಟರಿನ ಶೇ. 5 ತಪ್ಪು ಶೇ. 2.5ಕ್ಕೆ ಇಳಿಯುತ್ತದೆ. ಆದರೆ ಸರಣಿಯಲ್ಲಿ ರಕ್ಷಣೆಗೆಂದು 1 ಮೆಗಾಓಮ್ ರೋಧಕ ಇದ್ದರೆ 0.1 ಮಿಲಿಆಂಪಿಯರಿಗೆ 100 ವೋಲ್ಟ್ ಅಲ್ಲೇ ಬೀಳುತ್ತದೆ. ಮೀಟರ್ ರೋಧಕದ ಯಾವ ಬದಿಯದು ಎಂದು ಸರ್ಕ್ಯೂಟ್ ಚಿತ್ರದಲ್ಲಿ ನೋಡಿಕೊಳ್ಳಿ. ಸಾಪೇಕ್ಷತೆಯ ತಿದ್ದುಪಡಿ 5,000 ವೋಲ್ಟಿನಲ್ಲೂ ಶೇ. 0.25, ಬಿಟ್ಟುಬಿಡಿ. ವೋಲ್ಟೇಜಿನ ವರ್ಗಮೂಲದ ವ್ಯುತ್ಕ್ರಮಕ್ಕೆ ಎದುರಾಗಿ ವ್ಯಾಸವನ್ನು ಗುರುತಿಸಿದರೆ ಮೂಲಬಿಂದುವಿನ ಮೂಲಕ ಸರಳರೇಖೆ ಬರಬೇಕು.

ನಳಿಕೆ ಮಾರುವವರ ಜಾಹೀರಾತಿನ ಒಂದು ಮಾತನ್ನು ಮಾತ್ರ ಒಪ್ಪಲಾಗದು: 'ಒಂದೊಂದು ಎಲೆಕ್ಟ್ರಾನೂ ಅಲೆಯಾಗಿ ವರ್ತಿಸುವುದನ್ನು ತೋರಿಸುತ್ತದೆ' ಎಂಬುದು. 0.1 ಮಿಲಿಆಂಪಿಯರ್ ಎಂದರೆ ಸೆಕೆಂಡಿಗೆ ಆರು ಕೋಟಿ ಕೋಟಿಗೂ ಮಿಕ್ಕ ಎಲೆಕ್ಟ್ರಾನ್. 4,000 ವೋಲ್ಟಿನಲ್ಲಿ 135 ಮಿ.ಮೀ. ಹಾಯಲು ಪ್ರತಿಯೊಂದಕ್ಕೂ 3.6 ನ್ಯಾನೋಸೆಕೆಂಡ್. ಅಷ್ಟೂ ಪೊರೆ ದಾಟಿದವೆಂದರೆ ಒಂದೇ ಕ್ಷಣದಲ್ಲಿ ಬುರುಡೆಯೊಳಗೆ 22 ಲಕ್ಷ ಎಲೆಕ್ಟ್ರಾನ್‌ಗಳಿರುತ್ತವೆ. ಅವು ಒಂದನ್ನೊಂದು ತಳ್ಳಿ ಉಂಗುರ ಮಾಡಿಲ್ಲ ಎನ್ನಲು ಈ ನಳಿಕೆಯಲ್ಲಿ ನೇರ ಸಾಕ್ಷ್ಯವಿಲ್ಲ. ಚುಕ್ಕೆ ಚುಕ್ಕೆಯಾಗಿ ಬಿದ್ದು ಪಟ್ಟೆ ಕಟ್ಟುವುದನ್ನು 1989ರಲ್ಲಿ ಟೋನೊಮುರಾ ತಂಡ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ದಾಖಲಿಸಿತು. ಪಾಠದಲ್ಲಿ ಆ ಚಿತ್ರಗಳನ್ನು ಜೊತೆಗಿಟ್ಟುಕೊಳ್ಳುವುದು ಒಳಿತು.

ಕೊಳ್ಳುವವರು ನಳಿಕೆಗಿಂತ ಅದಕ್ಕೆ ಹೆಚ್ಚಿನ ವೋಲ್ಟೇಜ್ ಕೊಡುವ ಪವರ್ ಸಪ್ಲೈ ಮೇಲೆ ಹೆಚ್ಚು ಗಮನ ಕೊಡಲಿ: ಔಟ್‌ಪುಟ್ ವಿದ್ಯುತ್ತಿಗೆ ಮಿತಿ ಇರಬೇಕು, ಆನೋಡ್ ವಿದ್ಯುತ್ ಓದಲು ಮೈಕ್ರೋಆಂಪಿಯರ್ ಮೀಟರ್ ಬೇಕು, ತಂತಿಯ ತುದಿಗಳು ಬೆರಳು ತಾಗದಂಥ ಸುರಕ್ಷಿತ ಪ್ಲಗ್ ಆಗಿರಬೇಕು. ಪೆಟ್ಟಿಗೆ ಬಿಚ್ಚಿದ ದಿನವೇ 3,000 ವೋಲ್ಟಿನಲ್ಲಿ ಉಂಗುರ ನೋಡಿ. ಪೂರ್ಣ ಉಂಗುರದ ಬದಲು ತುಂಡು ಕಮಾನುಗಳು ಕಂಡರೆ ಪೊರೆಯ ಹರಳುಗಳು ಒಂದೇ ಕಡೆ ವಾಲಿವೆ. ಕಿರಣ ಸರಿಸಿಯೂ ಸುಧಾರಿಸದಿದ್ದರೆ ವಾರಂಟಿ ಇರುವಾಗಲೇ ಹಿಂದಿರುಗಿಸಿ.