ಆ್ಯಪ್‌ನಲ್ಲಿ ಚಿನ್ನ: ಕೊಂಡು, ಮಾರಿ, ನಾಣ್ಯ ತರಿಸಿ ನೋಡಿದ ಮೇಲೆ

ಆ್ಯಪ್‌ನಲ್ಲಿ ಚಿನ್ನ ಕೊಳ್ಳಬಹುದಾ, ನಂಬಬಹುದಾ ಎಂದು ಕೇಳುವವರು ಜಾಸ್ತಿಯಾಗಿದ್ದಾರೆ. ಕೆಲವು ವರ್ಷಗಳಿಂದ ನಾನು ಒಂದು ಆ್ಯಪ್‌ನಲ್ಲಿ ತಿಂಗಳು ತಿಂಗಳು ಸ್ವಲ್ಪ ಸ್ವಲ್ಪ ಕೊಳ್ಳುತ್ತಾ ಬಂದಿದ್ದೇನೆ. ನನ್ನ ದುಡ್ಡು ಮುಳುಗಿಲ್ಲ. ಆದರೂ ದೊಡ್ಡ ಮೊತ್ತ ಅಲ್ಲಿ ಇಡಿ ಎಂದು ಯಾರಿಗೂ ಹೇಳುವುದಿಲ್ಲ.

ನಾವು ನೋಡುವ ಆ್ಯಪ್ ಬರೀ ಕೌಂಟರ್. ಚಿನ್ನ ಮಾರಿ, ಅದನ್ನು ನಮ್ಮ ಹೆಸರಿನಲ್ಲಿ ಲಾಕರ್‌ನಲ್ಲಿ ಇಡಿಸುವ ಕಂಪನಿ ಅದರ ಹಿಂದೆ ಬೇರೆ ಇರುತ್ತದೆ. ನಮ್ಮ ದೇಶದಲ್ಲಿ ಹೆಚ್ಚಾಗಿ ಎಂಎಂಟಿಸಿ-ಪ್ಯಾಂಪ್, ಸೇಫ್‌ಗೋಲ್ಡ್, ಆಗ್ಮಾಂಟ್ ಇವುಗಳಲ್ಲಿ ಒಂದು. ಹಾಗಾಗಿ ಆ್ಯಪ್‌ಗೆ ಎಷ್ಟು ಸ್ಟಾರ್ ಇದೆ ಅಂತ ನೋಡಿ ಪ್ರಯೋಜನ ಇಲ್ಲ. ಒಂದು ಸಣ್ಣ ಮೊತ್ತಕ್ಕೆ ಕೊಂಡು ಬಿಲ್ ತೆಗೆದು ಓದಿ. ಮಾರಿದವರು ಯಾರು, ಜಿಎಸ್‌ಟಿ ನಂಬರ್ ಏನು, ಶುದ್ಧತೆ (ಸಾವಿರ ಭಾಗದಲ್ಲಿ ಚಿನ್ನ ಎಷ್ಟು) 999.9 ಅಂತ ಇದೆಯಾ 995 ಅಂತ ಇದೆಯಾ, ಚಿನ್ನ ಯಾರ ಲಾಕರ್‌ನಲ್ಲಿದೆ, ನಮ್ಮ ಪರವಾಗಿ ಅದನ್ನು ಕಾಯುವ ಟ್ರಸ್ಟಿ ಯಾರು, ಎಷ್ಟು ವರ್ಷದ ಮೇಲೆ ಲಾಕರ್ ಬಾಡಿಗೆ ಶುರುವಾಗುತ್ತದೆ. ಜಿಎಸ್‌ಟಿ ನಂಬರನ್ನು ಸರ್ಕಾರದ ವೆಬ್‌ಸೈಟ್‌ನಲ್ಲಿ ಹಾಕಿದರೆ ಕಂಪನಿಯ ಹೆಸರು ತಕ್ಷಣ ಬರುತ್ತದೆ. ಉಳಿದದ್ದು ಷರತ್ತುಗಳ ಪುಟದಲ್ಲಿ ಸಿಗಬೇಕು. ಸಿಗದಿದ್ದರೆ ಅಲ್ಲಿಗೇ ನಿಲ್ಲಿಸಿ.

ಇಷ್ಟು ಯಾಕೆ ಹುಡುಕಬೇಕು ಅಂದರೆ, ಈ ವ್ಯವಹಾರದ ಮೇಲೆ ಷೇರು ಮಾರುಕಟ್ಟೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಸೆಬಿಯ ಹಿಡಿತ ಇಲ್ಲ. 2025ರ ನವೆಂಬರ್ 8ರಂದು ಸೆಬಿಯೇ ಇದನ್ನು ಬಾಯಿ ಬಿಟ್ಟು ಹೇಳಿ ಎಚ್ಚರಿಸಿತು. ಗೋಲ್ಡ್ ಇಟಿಎಫ್ (ಷೇರಿನಂತೆ ಕೊಂಡು ಮಾರುವ ಚಿನ್ನದ ಫಂಡ್) ತಮ್ಮ ನಿಯಮದೊಳಗೆ ಬರುತ್ತದೆ, ಹೀಗೆ ಆ್ಯಪ್‌ನಲ್ಲಿ ಕೊಳ್ಳುವ ಡಿಜಿಟಲ್ ಚಿನ್ನ ಬರುವುದಿಲ್ಲ, ಕಂಪನಿ ಕೈಕೊಟ್ಟರೆ ಹೂಡಿಕೆದಾರರಿಗೆ ಸಿಗುವ ರಕ್ಷಣೆ ಇಲ್ಲಿ ಸಿಗುವುದಿಲ್ಲ ಎಂದು. ಜಾಹೀರಾತಿನಲ್ಲಿ ದೊಡ್ಡ ದೊಡ್ಡ ತಾರೆಯರನ್ನು ನೋಡಿ ಸರ್ಕಾರದ ಗ್ಯಾರಂಟಿಯೂ ಇದೆ ಅಂದುಕೊಂಡವರು ನನ್ನ ಪರಿಚಯದಲ್ಲೇ ಇದ್ದಾರೆ.

ಈಗ ಲೆಕ್ಕ. 10,000 ರೂಪಾಯಿ ಕೊಟ್ಟರೆ 3% ಜಿಎಸ್‌ಟಿ ಹೋಗಿ ಸುಮಾರು 9,709 ರೂಪಾಯಿಯ ಚಿನ್ನ ಸಿಗುತ್ತದೆ. ಕೊಳ್ಳುವ ದರಕ್ಕೂ ಮಾರುವ ದರಕ್ಕೂ 3% ವ್ಯತ್ಯಾಸ ಇದೆ ಅಂತಿಟ್ಟುಕೊಳ್ಳಿ, ಅದೇ ನಿಮಿಷ ಮಾರಿದರೆ ಕೈಗೆ ಬರುವುದು 9,417ರ ಆಸುಪಾಸು. ಅಂದರೆ ಚಿನ್ನದ ದರ 6%ಗಿಂತ ಜಾಸ್ತಿ ಏರಿದ ಮೇಲೆಯೇ ನಮ್ಮ ಅಸಲು ವಾಪಸ್. ಈ ವ್ಯತ್ಯಾಸವನ್ನು ನಾನು ನೋಡಿದ ಯಾವ ಆ್ಯಪ್ ಕೂಡ ದೊಡ್ಡ ಅಕ್ಷರದಲ್ಲಿ ಬರೆಯುವುದಿಲ್ಲ, ಎರಡೂ ದರ ಬೇರೆ ಬೇರೆ ಪುಟದಲ್ಲಿರುತ್ತವೆ, ನಾವೇ ಪಕ್ಕಪಕ್ಕ ಇಟ್ಟು ನೋಡಬೇಕು. ನನ್ನ ಮಟ್ಟಿಗೆ ನಂಬಿಕೆಯ ಮೊದಲ ಪರೀಕ್ಷೆ ಇದು. ಚಿನ್ನದ ವ್ಯಾಪಾರಿಗಳ ಸಂಘ ಐಬಿಜೆಎ ಕೆಲಸದ ದಿನಗಳಲ್ಲಿ ಕೊಡುವ ದರದಲ್ಲಿ ಜಿಎಸ್‌ಟಿ ಸೇರಿರುವುದಿಲ್ಲ. ಅದಕ್ಕೆ ಹೋಲಿಸಿ ನೋಡಿದರೆ ಯಾರು ಎಷ್ಟು ಮೇಲೆ ಹಾಕಿದ್ದಾರೆ ಅನ್ನುವುದು ಬಯಲಾಗುತ್ತದೆ.

ಎರಡನೆಯ ಪರೀಕ್ಷೆ ತಾನಾಗಿಯೇ ಬಂತು. 2024ರ ಜುಲೈ 23ರ ಬಜೆಟ್‌ನಲ್ಲಿ ಚಿನ್ನದ ಆಮದು ಸುಂಕವನ್ನು 15%ರಿಂದ 6%ಕ್ಕೆ ಇಳಿಸಿದರು. ದರ ದಬಕ್ಕನೆ ಬಿತ್ತು. ಇಂಥ ದಿನ ನಾವು ಮಾರುವ ದರ ಮಾತ್ರ ಇಳಿಸಿ, ನಾವು ಕೊಳ್ಳುವ ದರವನ್ನು ಹಾಗೇ ಹಿಡಿದಿಟ್ಟುಕೊಂಡರೆ ಅಂಗಡಿಯವನು ಗಿರಾಕಿಯ ಜೇಬಿಗೆ ಕೈ ಹಾಕಿದಂತೆಯೇ. ನನ್ನ ಆ್ಯಪ್‌ನಲ್ಲಿ ಎರಡೂ ಜೊತೆಗೇ ಇಳಿದವು. ಸ್ವಲ್ಪ ಮಾರಿ ನೋಡಿದೆ, ದುಡ್ಡು ಬ್ಯಾಂಕ್ ಖಾತೆಗೆ ತಡವಿಲ್ಲದೆ ಬಂತು. ಅವತ್ತು ನನಗೆ ನಿಜವಾಗಿ ಸಮಾಧಾನವಾಯಿತು. ಆದರೆ ಒಂದು ಅಕ್ಷಯ ತೃತೀಯದ ದಿನ ಯುಪಿಐನಲ್ಲಿ ದುಡ್ಡು ಕಡಿತವಾಯಿತು, ಚಿನ್ನ ಖಾತೆಗೆ ಬರಲಿಲ್ಲ. ಚಾಟ್‌ನಲ್ಲಿ ಯಂತ್ರ ಒಂದೇ ಉತ್ತರ ಕೊಡುತ್ತಿತ್ತು, ಮನುಷ್ಯರ ಹತ್ತಿರ ಮಾತಾಡುವ ನಂಬರ್ ಎಲ್ಲೂ ಇರಲಿಲ್ಲ, ಕೊನೆಗೆ ದುಡ್ಡು ವಾಪಸ್ ಬಂದಾಗ ದರ ಏರಿತ್ತು. ಆ ವ್ಯತ್ಯಾಸ ಯಾರೂ ತುಂಬಿಕೊಡಲಿಲ್ಲ. ಗಿರಾಕಿ ಹೆಚ್ಚು ಬರುವ ದಿನವೇ ಹೀಗಾದರೆ ಹೇಗೆ?

ನಾಣ್ಯ ತರಿಸುವುದನ್ನು ತಪ್ಪದೆ ಮಾಡಿ ನೋಡಿ. ಮೇಕಿಂಗ್ ಚಾರ್ಜ್, ಕೊರಿಯರ್ ಖರ್ಚು ಎರಡೂ ಹಾಕುತ್ತಾರೆ, ಸಣ್ಣ ನಾಣ್ಯಕ್ಕೆ ಅದು ಗ್ರಾಂ ಲೆಕ್ಕದಲ್ಲಿ ದುಬಾರಿ. ಆದರೂ ಪರದೆ ಮೇಲಿನ ಅಂಕಿ ಕೈಗೆ ಸಿಗುವ ಲೋಹವಾಗುತ್ತದಾ ಎಂದು ತಿಳಿಯುವ ದಾರಿ ಇದೊಂದೇ. ಪಾರ್ಸೆಲ್ ಬಿಚ್ಚುವಾಗ ವಿಡಿಯೋ ಮಾಡಿಕೊಳ್ಳಿ. ನಾಣ್ಯವನ್ನು ಸೀಲ್ ಮಾಡಿಟ್ಟ ಕಾರ್ಡಿನ ಮೇಲಿನ ನಂಬರ್ ಮತ್ತು ಬಿಲ್ಲಿನ ನಂಬರ್ ಒಂದೇನಾ ನೋಡಿ. ಸೀಲ್ ಒಡೆದರೆ ಮುಂದೆ ಮಾರುವಾಗ ಕೆಲವು ಅಂಗಡಿಯವರು ತಕರಾರು ತೆಗೆಯುತ್ತಾರೆ, ಅದು ಗೊತ್ತಿದ್ದೇ ನಾನು ಒಂದನ್ನು ಒಡೆದು ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಮೆಷಿನ್‌ಗೆ ಇಟ್ಟು ಪರೀಕ್ಷೆ ಮಾಡಿಸಿದೆ. ತೂಕ, ಶುದ್ಧತೆ ಎರಡೂ ಸರಿಯಾಗಿದ್ದವು. ಒಡವೆಗೆ 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಜೊತೆ ಆರು ಅಂಕಿ-ಅಕ್ಷರಗಳ ಎಚ್‌ಯುಐಡಿ ಎಂಬ ಗುರುತಿನ ಸಂಖ್ಯೆ ಕಡ್ಡಾಯ, ಸರ್ಕಾರದ ಬಿಐಎಸ್ ಕೇರ್ ಆ್ಯಪ್‌ನಲ್ಲಿ ನಾವೇ ನೋಡಿಕೊಳ್ಳಬಹುದು. ನಾಣ್ಯದ ವಿಷಯದಲ್ಲಿ ಅದನ್ನೇ ನೆಚ್ಚಿಕೊಳ್ಳಬೇಡಿ, ತಯಾರಿಸಿದವರ ಮುದ್ರೆ ಮತ್ತು ಹೆಸರು ಮುಖ್ಯ.

ಇತ್ತೀಚೆಗೆ ‘ನಿಮ್ಮ ಚಿನ್ನವನ್ನು ಲೀಸ್‌ಗೆ ಕೊಡಿ, ವರ್ಷಕ್ಕೆ ಇಷ್ಟು ಪರ್ಸೆಂಟ್ ಚಿನ್ನ ಜಾಸ್ತಿ’ ಎಂಬ ಆಫರ್‌ಗಳು ಬರುತ್ತಿವೆ. ನಾನು ಮುಟ್ಟಿಲ್ಲ. ಲೀಸ್ ಕೊಟ್ಟ ಮೇಲೆ ಚಿನ್ನ ಲಾಕರ್‌ನಲ್ಲಿರುವುದಿಲ್ಲ, ಯಾರೋ ವ್ಯಾಪಾರಿಯ ಕೈಯಲ್ಲಿರುತ್ತದೆ, ಅವನು ವಾಪಸ್ ಕೊಡಬೇಕು. ಹೆಚ್ಚು ಲಾಭದ ಆಸೆ ತೋರಿಸಿ ಜನರ ದುಡ್ಡು ಕಟ್ಟಿಸಿಕೊಂಡಿದ್ದ ಐಎಂಎ ಕಂಪನಿ 2019ರಲ್ಲಿ ಮುಚ್ಚಿಕೊಂಡಾಗ ಶಿವಾಜಿನಗರದಲ್ಲಿ ಅಳುತ್ತಾ ನಿಂತವರನ್ನು ಬೆಂಗಳೂರಿನವರು ಮರೆತಿರಲಿಕ್ಕಿಲ್ಲ. ಇವೆರಡೂ ಒಂದೇ ಅಂತ ನಾನು ಹೇಳುತ್ತಿಲ್ಲ. ಆದರೆ ಲಾಭದ ಮಾತು ಬಂದ ಕೂಡಲೇ ಕೇಳಬೇಕಾದ ಪ್ರಶ್ನೆ ಒಂದೇ, ನನ್ನ ಸ್ವತ್ತು ಈಗ ಯಾರ ಹತ್ತಿರ ಇದೆ?

ನನಗೆ ಇನ್ನೂ ಸರಿಬರದ ವಿಷಯ ನಾಮಿನಿ. ನನ್ನ ಆ್ಯಪ್‌ನಲ್ಲಿ ನಾಮಿನಿ ಹೆಸರು ಸೇರಿಸುವ ಜಾಗವೇ ಇಲ್ಲ. ಕೇಳಿದರೆ ವಾರಸುದಾರರು ದಾಖಲೆ ತಂದರೆ ನೋಡುತ್ತೇವೆ ಎಂದರು. ನಾಳೆ ನನಗೇನಾದರೂ ಆದರೆ ನನ್ನ ಹೆಂಡತಿ ಕೋರ್ಟು, ಸರ್ಟಿಫಿಕೇಟು ಅಂತ ಓಡಾಡಬೇಕಾ? ಇದು ಸರಿಯಾಗುವವರೆಗೆ ಒಂದು ನಾಣ್ಯದಷ್ಟು ಸೇರಿದ ಕೂಡಲೇ ಮನೆಗೆ ತರಿಸಿಕೊಳ್ಳುತ್ತೇನೆ, ಅದಕ್ಕಿಂತ ಜಾಸ್ತಿ ಉಳಿತಾಯವನ್ನು ನಾಮಿನಿ ಬರೆಸಿದ ಡಿಮ್ಯಾಟ್ (ಷೇರು, ಫಂಡ್ ಇಡುವ) ಖಾತೆಯಲ್ಲಿ ಗೋಲ್ಡ್ ಇಟಿಎಫ್‌ಗೆ ಹಾಕುತ್ತಿದ್ದೇನೆ.