ಪಟ್ಟಿ, ಜಗಲಿ, ಸಂಕ

ಮೂರು ವಿಧಾನಸಭೆ ಚುನಾವಣೆಯಲ್ಲಿ ನನ್ನ ಜೀಪು ಪಕ್ಷದವರಿಗೆ ಬಾಡಿಗೆಗೆ ಓಡಿದೆ. 2013ರಲ್ಲಿ ಸಾಗರ ಕ್ಷೇತ್ರ, 2018ರಲ್ಲಿ ಶಿವಮೊಗ್ಗ ನಗರ, 2023ರಲ್ಲಿ ಮತ್ತೆ ಸಾಗರ. ಯಾವಾಗ ಯಾರಿಗೆ ಅಂತ ಹೇಳೋದಿಲ್ಲ. ಮುಂದಿನ ಸಲವೂ ಅವರೇ ಕರೀಬೇಕಲ್ವಾ? ಆದರೆ ಓಟು ಕೇಳೋ ರೀತಿ ಒಂದೊಂದು ಕಡೆ ಒಂದೊಂದು ಥರ ಇತ್ತು.

ನಗರದಲ್ಲಿ ನೋಡಿದ್ದು ಪಟ್ಟಿಯ ಪದ್ಧತಿ. ಮತದಾರರ ಪಟ್ಟಿಯ ಒಂದು ಹಾಳೆಗೆ ಸುಮಾರು 30 ಹೆಸರು, ಆ ಹಾಳೆಯವರನ್ನು ಹೋಗಿ ಮಾತಾಡಿಸೋಕೆ ಒಬ್ಬ ಕಾರ್ಯಕರ್ತ, ಅವನೇ ಪೇಜ್ ಪ್ರಮುಖ್. ಇದಕ್ಕೆ ಹೆಸರು ತಂದದ್ದು ಬಿಜೆಪಿ, ಈಗ ಬೇರೆಯವರೂ ಕಲಿತಿದ್ದಾರೆ. ವಿನೋಬನಗರದಂಥ ಕಡೆ ಇದು ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ. ಮನೆಗಳೆಲ್ಲ ಸಾಲಾಗಿವೆ. ಹುಡುಗರು ಅರ್ಧ ಗಂಟೆಯಲ್ಲಿ ಒಂದು ಹಾಳೆ ಮುಗಿಸುತ್ತಿದ್ದರು. ನನ್ನ ಜೀಪು ಮರದಡಿ ಸುಮ್ನೆ ನಿಂತಿರುತ್ತಿತ್ತು.

ಅದೇ ಹಾಳೆ 2023ರಲ್ಲಿ ಶರಾವತಿ ಹಿನ್ನೀರಿನ ಆಚೆ, ತುಮರಿ ಕಡೆ ಬಂತು. ಆಗಿನ್ನೂ ಸೇತುವೆ ಇಲ್ಲ. ಹೊಳೆಬಾಗಿಲಲ್ಲಿ ಜೀಪನ್ನು ಲಾಂಚಿಗೆ ಹತ್ತಿಸಿಕೊಂಡು ಹೋದೆವು. ಪಟ್ಟಿಯಲ್ಲಿ ಒಂದರ ಕೆಳಗೆ ಒಂದಿದ್ದ ಎರಡು ಮನೆಗಳ ನಡುವೆ ಒಂದು ಹಳ್ಳ, ಆಮೇಲೆ ಕಾಡು. ಪೇಟೆಯಿಂದ ಬಂದ ಹುಡುಗನ ಮೊಬೈಲಿಗೆ ನೆಟ್‌ವರ್ಕ್ ಇಲ್ಲ. ಮೊದಲನೇ ಮನೆಯಲ್ಲಿ ಇದ್ದದ್ದು ನಾಯಿ ಮಾತ್ರ. ಎರಡನೇ ಮನೆಯಲ್ಲಿ ಐದು ಹೆಸರು. ಇಬ್ಬರು ಹೆಣ್ಣುಮಕ್ಕಳು ಮದುವೆಯಾಗಿ ಸಿರ್ಸಿಯಲ್ಲಿ, ಮಗ ಬೆಂಗಳೂರಿನಲ್ಲಿ. ಇಡೀ ದಿನಕ್ಕೆ ಸಿಕ್ಕವರು ಹನ್ನೊಂದು ಜನ. ಆ ದಿನದ ಡೀಸೆಲ್ ದುಡ್ಡು ಇನ್ನೂ ಬರಬೇಕು, ಅದು ಬೇರೆ ಕಥೆ.

2013ರಲ್ಲಿ ನಮ್ಮ ಕೈಯಲ್ಲಿ ಪಟ್ಟಿಯೇ ಇರಲಿಲ್ಲ. ಊರಿಗೊಬ್ಬ ಮುಖಂಡ, ಅವರ ಜಗಲಿಯೇ ಆಫೀಸು. "ಆ ಮನೆಗೆ ಹೋಗ್ಬೇಡ ತಮ್ಮಾ, ಅಲ್ಲಿ ಬೇಲಿ ತಕರಾರು ನಡೀತಿದೆ. ನಾನೇ ಮಾತಾಡ್ತೀನಿ" ಅನ್ನುತ್ತಿದ್ದರು ಒಬ್ಬ ಗೌಡ್ರು. ಯಾವ ಹಾಳೆಯಲ್ಲೂ ಇಲ್ಲದ ಮಾಹಿತಿ ಅದು. ಮಲೆನಾಡಿಗೆ ಇದೇ ಸರಿ ಅಂದುಕೊಂಡಿದ್ದೆ. ಒಂದು ದಿನ ಅಭ್ಯರ್ಥಿಯ ಕಾರು ಅವರ ಮನೆ ಮುಂದೆ ನಿಲ್ಲದೆ ಹೋಯಿತು. ಗೌಡ್ರು ಮೂರು ದಿನ ಜಗಲಿ ಬಿಟ್ಟು ಇಳಿಯಲಿಲ್ಲ. ಅವರ ಬದಲಿಗೆ ಓಡಾಡಲು ಎರಡನೇ ಆಳೇ ಇರಲಿಲ್ಲ.

ಒಬ್ಬ ಮುಖಂಡನನ್ನೇ ನೆಚ್ಚಿಕೊಂಡರೆ ಏನಾಗುತ್ತದೆ ಅನ್ನೋದು ಶಿವಮೊಗ್ಗ ಜಿಲ್ಲೆಯ ಲೆಕ್ಕದಲ್ಲೂ ಕಾಣುತ್ತದೆ. ಯಡಿಯೂರಪ್ಪ ಬಿಜೆಪಿ ಬಿಟ್ಟು ಕೆಜೆಪಿ ಎಂಬ ಬೇರೆ ಪಕ್ಷದಿಂದ ನಿಂತ 2013ರಲ್ಲಿ ಜಿಲ್ಲೆಯ 7 ಕ್ಷೇತ್ರಗಳಲ್ಲಿ ಬಿಜೆಪಿಗೆ ಒಂದೂ ಸಿಗಲಿಲ್ಲ. ಅವರು ಮರಳಿದ ಮೇಲೆ, 2018ರಲ್ಲಿ, 6. ಉಳಿದ ಒಂದು ಭದ್ರಾವತಿ. ಅಲ್ಲಿ ವರ್ಷಗಟ್ಟಲೆ ಜಿದ್ದು ಇದ್ದದ್ದು ಸಂಗಮೇಶ್ ಮತ್ತು ಅಪ್ಪಾಜಿ ಎಂಬ ಇಬ್ಬರ ನಡುವೆ. ಪಕ್ಷದ ಬಾವುಟ ಆಮೇಲೆ.

ನನಗೆ ಜಾಸ್ತಿ ಹಿಡಿಸಿದ್ದು ಆಚೆ ದಡದಲ್ಲಿ ಹನ್ನೊಂದು ಜನ ಸಿಕ್ಕ ದಿನದ ಮಾರನೇ ದಿನ ನೋಡಿದ್ದು. ಹುಡುಗ ಸೋತು ಊರಿನ ಸ್ತ್ರೀಶಕ್ತಿ ಸಂಘದ ಇಬ್ಬರನ್ನು ಕರೆದ. ಅವರು ಹಾಳೆಗಳನ್ನು ಜೀಪಿನ ಬಾನೆಟ್ ಮೇಲೆ ಹರಡಿ, ಪೆನ್ಸಿಲಿನಲ್ಲಿ ಹೆಸರುಗಳನ್ನು ಕೇರಿ ಪ್ರಕಾರ ಗುರುತು ಮಾಡಿದರು. ಯಾರ ಮಗ ಓಟಿಗೆ ಬೆಂಗಳೂರಿಂದ ರಾತ್ರಿ ಬಸ್ಸಿಗೆ ಬರ್ತಾನೆ, ಯಾವ ಅಜ್ಜಿ ಮಗಳ ಮನೆಯಲ್ಲಿದ್ದಾಳೆ, ಎಲ್ಲ ಬಾಯಲ್ಲೇ ಇತ್ತು. ಪಟ್ಟಿಯೂ ಇತ್ತು, ಊರೂ ಗೊತ್ತಿತ್ತು. ಒಬ್ಬರಿಗೆ ಸಿಟ್ಟು ಬಂದರೆ ಇನ್ನೊಬ್ಬರು ಇದ್ದರು. ಒಂದೇ ತೊಂದರೆ, ತಮ್ಮ ಕೇರಿ ದಾಟಿ ಆಚೆಗೆ ಅವರು ಹೋಗುವುದಿಲ್ಲ. ಊರೂರಿಗೂ ಇಂಥವರನ್ನು ಹುಡುಕಬೇಕು, ಅದಕ್ಕೆ ಪುರುಸೊತ್ತು ಯಾವ ಪಕ್ಷಕ್ಕಿದೆ?

ನಾನು ಜೀಪು ಸ್ಟಾರ್ಟ್ ಮಾಡಿದೆ. "ಅಣ್ಣ, ಜೀಪು ಇಲ್ಲೇ ಇರ್ಲಿ, ಸುತ್ತಿ ಹೋಗೋದ್ರೊಳಗೆ ಮಧ್ಯಾಹ್ನ ಆಗುತ್ತೆ" ಅಂದವರೇ ಹಳ್ಳದ ಸಂಕ, ಅಂದರೆ ಕಾಲುಸೇತುವೆ, ದಾಟಿ ಆಚೆ ಮನೆಯ ಅಂಗಳದಲ್ಲಿದ್ದರು.