ಮಲೆನಾಡಿನ ಮಳೆಗಾಲಕ್ಕೆ ಯಾವ ಡೌನ್‌ಲೋಡರ್? ವಿಗೆಟ್, ಏರಿಯಾ2, ಕರ್ಲ್

ತೀರ್ಥಹಳ್ಳಿ, ಹೊಸನಗರದ ಕಡೆ ಮಳೆ ಹಿಡಿಯಿತೆಂದರೆ ಲೈನಿನ ಮೇಲೆ ಮರ ಬೀಳುತ್ತದೆ, ಕರೆಂಟು ಹೋಗುತ್ತದೆ, ಹಿಂದೆಯೇ ರೂಟರೂ ಆರುತ್ತದೆ. ಲ್ಯಾಪ್‌ಟಾಪ್ ಮಾತ್ರ ಬ್ಯಾಟರಿಯಲ್ಲಿ ಎಚ್ಚರವಾಗಿರುತ್ತದೆ. ಸುಮಾರು 6 ಜಿಬಿಯ ಉಬುಂಟು ಐಎಸ್‌ಒ (ಆಪರೇಟಿಂಗ್ ಸಿಸ್ಟಂ ಹಾಕುವ ಫೈಲು) ಇಳಿಸುವವರಿಗೆ ಬೇಕಾದದ್ದು ವೇಗಕ್ಕಿಂತ ಹೆಚ್ಚಾಗಿ, ಕಡಿದಲ್ಲಿಂದ ತಾನಾಗಿ ಮುಂದುವರಿಯುವ ಗುಣ. ಟರ್ಮಿನಲ್ಲಿನಲ್ಲಿ ಆದೇಶ ಟೈಪ್ ಮಾಡಿ ಓಡಿಸುವ ಈ ಮೂರೂ ಪುಕ್ಕಟೆ ಟೂಲ್‌ಗಳಲ್ಲಿ (wget, aria2, curl) ಆ ಗುಣ ಇದೆ, ಆದರೆ ಡೀಫಾಲ್ಟ್ ಸೆಟ್ಟಿಂಗು ನಮ್ಮ ಲೈನಿಗೆ ಒಗ್ಗುವುದಿಲ್ಲ.

ರಾತ್ರಿ ಹಚ್ಚಿಟ್ಟು ಮಲಗುವವರಿಗೆ ವಿಗೆಟ್ ಸರಿ. ಆದೇಶದ ಜೊತೆ ಚಿಕ್ಕಕ್ಷರದ -ಸಿ (-c) ಕೊಟ್ಟರೆ ಡಿಸ್ಕಿನಲ್ಲಿರುವ ತುಂಡಿನ ಮುಂದಿನಿಂದ ಶುರುಮಾಡುತ್ತದೆ. ಆದರೆ ಅದರ ರೀಡ್ ಟೈಮ್‌ಔಟ್ 900 ಸೆಕೆಂಡು. ಲೈನ್ ಕಡಿಯದೆ ಸುಮ್ಮನೆ ನಿಂತುಬಿಟ್ಟರೆ ಕಾಲು ಗಂಟೆ ಹಾಗೇ ಕಾಯುತ್ತಾ ಕೂರುತ್ತದೆ. --ಟೈಮ್‌ಔಟ್=30 ಹಾಕಿ. ಪ್ರಯತ್ನ 20ಕ್ಕೆ ಮುಗಿಯುತ್ತದೆ, -ಟಿ 0 ಎಂದರೆ ಮಿತಿಯಿಲ್ಲ. ಇಷ್ಟೂ ಕೊಟ್ಟವರು ಬೆಳಿಗ್ಗೆ ಎದ್ದು ನೋಡಿದರೆ ಮತ್ತೆ ನಿಂತಿರಬಹುದು: ರೂಟರ್ ಇನ್ನೂ ಏಳುತ್ತಿರುವಾಗ ಡಿಎನ್‌ಎಸ್ (ಸೈಟಿನ ಹೆಸರಿಗೆ ವಿಳಾಸ ಹುಡುಕಿಕೊಡುವ ವ್ಯವಸ್ಥೆ) ಉತ್ತರ ಬರುವುದಿಲ್ಲ, ವಿಗೆಟ್ ಅಲ್ಲಿಗೇ ಕೈಚೆಲ್ಲುತ್ತದೆ. --ರಿಟ್ರೈ-ಆನ್-ಹೋಸ್ಟ್-ಎರರ್ ಇರುವುದು ಇದಕ್ಕೇ. ತೀರಾ ಹಳೆಯ ಆವೃತ್ತಿಗಳಲ್ಲಿ ಇದು ಸಿಗದು.

ಪ್ಯಾಕೆಟ್ (ಡೇಟಾದ ತುಣುಕು) ಕಳೆದುಹೋಗುವ ಮೊಬೈಲ್ ಹಾಟ್‌ಸ್ಪಾಟಿನಲ್ಲಿ ಏರಿಯಾ2 ಗೆಲ್ಲುತ್ತದೆ. ಒಂದು ಕನೆಕ್ಷನ್ ಕುಂಟಿದರೂ ಉಳಿದವು ಎಳೆಯುತ್ತಿರುತ್ತವೆ. ಒಂದು ಸರ್ವರಿಗೆ ನಾಲ್ಕು ಕನೆಕ್ಷನ್, ಅಂದರೆ -ಎಕ್ಸ್ 4 ಸಾಕು. ಗರಿಷ್ಠ 16 ಇದೆಯೆಂದು ಅಷ್ಟೂ ಹಾಕಿದರೆ ಕೆಲವು ಸರ್ವರ್‌ಗಳು 503 ('ಸದ್ಯ ಸೇವೆ ಇಲ್ಲ') ಕೊಟ್ಟು ಹೊರಗೆ ಹಾಕುತ್ತವೆ. ಡೀಫಾಲ್ಟಿನಲ್ಲಿ ಪ್ರಯತ್ನ ಐದೇ, ನಡುವೆ ಕಾಯುವ ಸಮಯ ಸೊನ್ನೆ. ಐದೂ ಕಣ್ಣುಮುಚ್ಚಿ ತೆರೆಯುವುದರೊಳಗೆ ಖರ್ಚಾಗಬಹುದು. --ಮ್ಯಾಕ್ಸ್-ಟ್ರೈಸ್=0 ಮತ್ತು --ರಿಟ್ರೈ-ವೇಟ್=30 ಎರಡನ್ನೂ ಸೇರಿಸಿ.

ಇದರಲ್ಲೊಂದು ಗುಂಡಿ ಇದೆ. ಏರಿಯಾ2 ಡಿಸ್ಕಿನಲ್ಲಿ ಜಾಗ ಮೊದಲೇ ಹಿಡಿಯುವುದರಿಂದ ಅರ್ಧ ಇಳಿದ ಫೈಲೂ ಪೂರ್ತಿ ಗಾತ್ರ ತೋರಿಸುತ್ತದೆ. ಯಾವ ತುಂಡು ಬಂದಿದೆ ಎಂಬ ಲೆಕ್ಕ ಪಕ್ಕದ .ಏರಿಯಾ2 ಎಂಬ ಚಿಕ್ಕ ಫೈಲಿನಲ್ಲಿರುತ್ತದೆ. ಕಸವೆಂದು ಅದನ್ನು ಅಳಿಸಿ ವಿಗೆಟ್ -ಸಿ ಓಡಿಸಿದರೆ, ಗಾತ್ರ ನೋಡಿ 'ಎಲ್ಲಾ ಬಂದಿದೆ' ಎಂದುಬಿಡುತ್ತದೆ. ಒಳಗಿರುವುದು ಬರೀ ಪೊಳ್ಳು.

ಕರ್ಲ್ ಸ್ಕ್ರಿಪ್ಟ್ ಬರೆಯುವವರ ಸಾಮಾನು. ಕಡಿದಲ್ಲಿಂದ ಮುಂದುವರಿಸಲು ದೊಡ್ಡಕ್ಷರದ -ಸಿ ಜೊತೆ ಒಂದು ಒಂಟಿ ಅಡ್ಡಗೆರೆ ಬೇಕು (-C -), ಸರ್ವರ್ ಬೇರೆ ವಿಳಾಸಕ್ಕೆ ಕಳಿಸುವ ರೀಡೈರೆಕ್ಟಿಗೆ ದೊಡ್ಡಕ್ಷರದ -ಎಲ್. ಬರೀ --ರಿಟ್ರೈ ಕೊಟ್ಟರೆ ನಡುವೆ ಕಡಿದದ್ದನ್ನು ಮತ್ತೆ ಯತ್ನಿಸುವುದಿಲ್ಲ, --ರಿಟ್ರೈ-ಆಲ್-ಎರರ್ಸ್ ಕೂಡ ಬೇಕು. ದೊಡ್ಡ ಫೈಲಿಗೆ ಇಷ್ಟು ಒದ್ದಾಟ ಯಾಕೆ?

ಪ್ರತಿ ಸಲವೂ 4 ಜಿಬಿಯ ಹತ್ತಿರವೇ ನಿಲ್ಲುತ್ತಿದ್ದರೆ ನೆಟ್ಟನ್ನು ಬೈಯಬೇಡಿ. ನೀವು ಇಳಿಸುತ್ತಿರುವ ಪೆನ್‌ಡ್ರೈವ್ ಬಹುಶಃ ಫ್ಯಾಟ್32 ಫಾರ್ಮ್ಯಾಟಿನಲ್ಲಿದೆ, ಅದರಲ್ಲಿ 4 ಜಿಬಿಗಿಂತ ದೊಡ್ಡ ಫೈಲು ಹಿಡಿಯುವುದಿಲ್ಲ. ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿ, ಒಳಗಿರುವುದನ್ನು ಮೊದಲು ಬೇರೆಡೆ ಎತ್ತಿಟ್ಟುಕೊಂಡು. ಇಳಿದ ಮೇಲೆ ಎಸ್‌ಎಚ್‌ಎ256 ಮೊತ್ತವನ್ನು (ಫೈಲಿನ ಬೆರಳಚ್ಚಿನಂಥ ಸಂಕೇತ) ಸೈಟಿನಲ್ಲಿ ಕೊಟ್ಟದ್ದರೊಂದಿಗೆ ತಾಳೆ ನೋಡಿ. ಅದೇ ಹೆಸರಿನಲ್ಲಿ ದಿನಾ ಬದಲಾಗುವ ಬಿಲ್ಡುಗಳಲ್ಲಿ (ಹೊಸದಾಗಿ ತಯಾರಾದ ಪ್ರತಿಗಳಲ್ಲಿ) ನಿನ್ನೆಯ ತುಂಡಿಗೆ ಇವತ್ತಿನದು ಅಂಟಿಕೊಂಡಿರಬಹುದು, ವಿಗೆಟ್ ಅದನ್ನು ಪತ್ತೆಹಚ್ಚುವುದಿಲ್ಲ. ಮೊತ್ತ ತಾಳೆಯಾಗದಿದ್ದರೆ ಅಳಿಸಿ ಮೊದಲಿನಿಂದ ಇಳಿಸಿ.